ರುಜುವೇದಿ ಸಾಮಿ?

"ರುಜುವೇದಿ ಸಾಮಿ?" ಎಂದು ತೆಲುಗಿನಲ್ಲಿ ಪುರಾವೆ ಕೇಳದೆ ಹಿಂದೂಪುರದ ನೇಕಾರ ಆದಿನಾರಾಯಣ ಟೀಯನ್ನೂ ಕುಡಿಯುವವನಲ್ಲ; ಬಿಸಿಯಿದೆ ಎಂದರೆ ಬೆರಳದ್ದಿ ನೋಡುತ್ತಾನೆ. ಕಲ್ಯಾಣದುರ್ಗದಲ್ಲಿ ತೆಂಗಿನಕಾಯಿ ತಾನಾಗೇ ಹೊತ್ತಿಕೊಂಡಿತಂತೆ ಎಂದರೆ, "ಕಾಯಿ ನಾನ್ ತತ್ತೀನಿ, ಹೊತ್ತಿಸ್ಲಿ" ಎನ್ನುತ್ತಾನೆ. ಪಾಸ್ಟರ್ ದಾನಿಯೇಲು ಸಿಕ್ಕರಂತೂ ಹಬ್ಬ: "ನೀರು ದ್ರಾಕ್ಷಾರಸ ಆಗಿದ್ದು ಅತ್ಲಾಗಿರ್ಲಿ, ಯೇಸು ಅನ್ನೋನು ಇದ್ದ ಅನ್ನಾಕೇ ರುಜುವೇದಿ? ಕಣ್ಣಾರೆ ಕಂಡೋರು ಬರೆದಿದ್ದು ತೋರ್ಸಿ!" ತನ್ನನ್ನು ಹೆತ್ತ ಬಾಣಂತನದಲ್ಲೇ ತೀರಿಹೋದ ತಾಯಿಯ ನೇಯ್ಗೆಯನ್ನು ಅವನು ಹೊಗಳುತ್ತಿದ್ದಾಗ ಒಮ್ಮೆ ಪಾಸ್ಟರೂ "ರುಜುವೇದಿ?" ಎಂದುಬಿಟ್ಟರು. ಮರುದಿನ ಅವನು ಹಳೆಯ ರೇಷ್ಮೆ ಸೀರೆಯೊಂದನ್ನು ತಂದು, ಮಗುಚಿ, ಅವರ ಬೆರಳನ್ನು ಸಾಸಿವೆಯಷ್ಟು ಗಂಟಿನ ಮೇಲಿಟ್ಟ: "ಎಳೆ ಕಿತ್ತೋದಾಗ ಅಮ್ಮ ಹಾಕಿದ್ದು." ಗಂಟು ಬೇರೆಯವರದೂ ಇರಬಹುದಲ್ಲ ಎಂದು ಕೇಳಿಯೇಬಿಡುತ್ತಾರೆಂದು ಕಾದ. ಪಾಸ್ಟರ್ ಕೇಳಲಿಲ್ಲ.