ದೊಡ್ಡ ಕೂಲರ್ ಮತ್ತು ಕಮಲಾಪುರದ ಮದುವೆ

ಆ ಬೇಸಿಗೆಯಲ್ಲಿ ನನ್ನ ಕಂಪ್ಯೂಟರ್ ದಿನಕ್ಕೆ ಮೂರು ಸಲ ಸಾಯುತ್ತಿತ್ತು. ಗಾಜಿಪುರದ ಮಾಳಿಗೆ ಕೋಣೆ, ಶಹಾಬಾದಿ ಕಲ್ಲಿನ ಚಾವಣಿ, ಮೇ ತಿಂಗಳು. ನಾನು ಮದುವೆಯ ವಿಡಿಯೋ ಮಿಕ್ಸಿಂಗ್ ಮಾಡಿ ಹೊಟ್ಟೆ ಹೊರೆಯುತ್ತಿದ್ದೆ. ನಮ್ಮ ಜನಕ್ಕೆ ಮದುವೆಯಾಗಲು ಸಿಗುವುದೂ ಅದೇ ಸುಡುಗಾಡು ಮೇ ತಿಂಗಳು. ವಯಸ್ಸು ಮೂವತ್ತಾರಾದರೂ ನನ್ನ ಮದುವೆಯಾಗಿರಲಿಲ್ಲ, ಯಾಕಾಗಿಲ್ಲ ಎಂದು ಕೇಳುವವರೂ ಇರಲಿಲ್ಲ. ಕ್ಯಾಮೆರಾದವನು ಟೇಪು ಕೊಟ್ಟು ಹೋಗುತ್ತಿದ್ದ, ಖಾನಾವಳಿಯವನು ಡಬ್ಬಿ ಇಟ್ಟು ಹೋಗುತ್ತಿದ್ದ. ಎಷ್ಟೋ ದಿನ ಸಂಜೆ ನನ್ನ ಧ್ವನಿ ಕೇಳಿ ನನಗೇ ಗಾಬರಿಯಾಗುತ್ತಿತ್ತು.

ಸೇಡಂ ರಸ್ತೆಯ ಕಂಪ್ಯೂಟರ್ ಅಂಗಡಿಯವನು ಬಿಚ್ಚಿ ನೋಡಿ, ಪ್ರೊಸೆಸರ್ ಕಾದು ಬಂದ್ ಆಗುತ್ತಿದೆ ಎಂದ. ಪ್ರೊಸೆಸರನ್ನು ತಣ್ಣಗಿಡಲೆಂದು ಹೈದರಾಬಾದಿನಿಂದ ತರಿಸಿದ್ದ ದೊಡ್ಡದೊಂದು ಕೂಲರನ್ನು ಮೇಜಿನ ಮೇಲಿಟ್ಟ. ತಾಮ್ರದ ಕೊಳವೆಗಳು, ಅವುಗಳಿಗೆ ಪೋಣಿಸಿದ ಅಲ್ಯುಮಿನಿಯಂ ತಗಡುಗಳು, ಪಕ್ಕದಲ್ಲಿ ಅಂಗೈಗಿಂತ ದೊಡ್ಡ ಫ್ಯಾನು. ಒಂದು ಕಿಲೋ ತೂಗುತ್ತಿತ್ತು.

“ಎಂಟು ದಿನ ಹಾಕ್ಕೊಂಡು ನೋಡ್ರಿ. ಇಂಟರ್‌ನೆಟ್‌ನ್ಯಾಗ ಭಾಳ ಹೊಗಳ್ಯಾರ, ಆದ್ರ ಅವರೆಲ್ಲ ಥಂಡಿ ದೇಶದಾಗ ಕುಂತು ಬರದಾರ. ನಮ್ಮ ಬಿಸಲಿಗಿ ನಡೀತದೋ ಇಲ್ಲೋ ನೀವ ಹೇಳ್ರಿ. ನೀವು ಹ್ಞೂಂ ಅಂದ್ರ ಇನ್ನಾ ನಾಕು ತರಸ್ತೀನಿ” ಎಂದ.

ನನ್ನ ಮಾತಿಗೂ ಒಬ್ಬ ಕಾಯುತ್ತಾನೆ ಎಂದು ಉಬ್ಬಿಹೋದೆ.

ಪರೀಕ್ಷೆಯೆಂದರೆ ಪ್ರತಿ ಸಲವೂ ಅದೇ ಕೆಲಸ ಕೊಡಬೇಕು. ಕೈಯಲ್ಲಿದ್ದ ಕಮಲಾಪುರದ ಮದುವೆಯಿಂದ ಹತ್ತು ನಿಮಿಷ ಆರಿಸಿದೆ, ವಧೂವರರ ಮೇಲೆ ಅಕ್ಕಿಕಾಳು ಬೀಳುವಲ್ಲಿಂದ ಮೊದಲ ಪಂಕ್ತಿಯ ಊಟದವರೆಗೆ. ಗಾಳಿಯಲ್ಲಿ ಹಾರುವ ಸಾವಿರ ಕಾಳುಗಳ ಚಿತ್ರ ಸಂಸ್ಕರಿಸುವಾಗ ಎಂಥ ಪ್ರೊಸೆಸರ್ ಆದರೂ ಕಾಯುತ್ತದೆ. ಹಳೆಯ ಫ್ಯಾನು ಅಲ್ಲಿಗೆ ಬಂದಾಗ ಚೀರಾಡಿ, ಎಂಬತ್ತು ಡಿಗ್ರಿ ದಾಟಿಸಿ, ಪರದೆ ಕಪ್ಪು ಮಾಡುತ್ತಿತ್ತು.

ಹೊಸದನ್ನು ಕೂಡಿಸಿದರೆ ಕಂಪ್ಯೂಟರ್ ಪೆಟ್ಟಿಗೆಯ ಬಾಗಿಲೇ ಮುಚ್ಚಲಿಲ್ಲ. ಅದರ ಭಾರಕ್ಕೆ ಬೋರ್ಡು ಬಾಗೀತೆಂದು ಪೆಟ್ಟಿಗೆಯನ್ನು ಅಡ್ಡ ಮಲಗಿಸಿದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟನ್ನು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರಿ ಮೊದಲ ದಿನ ಕೆಡಿಸಿದೆ, ಎಪ್ಪತ್ತಾರು ಡಿಗ್ರಿ. ಒರೆಸಿ, ಜೋಳದ ಕಾಳಿನಷ್ಟು ಇಟ್ಟಾಗ ಅರವತ್ತೊಂಬತ್ತು. ಕೋಣೆಯಲ್ಲೇ ನಲವತ್ತೊಂದು ಇತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಪ್ರತಿ ಸಲ ಮುಗಿದ ಮೇಲೆ, ಎಲ್ಲೂ ತುಂಡಾಗಿಲ್ಲ ತಾನೆ ಎಂದು ಆ ಹತ್ತು ನಿಮಿಷವನ್ನು ಪೂರ್ತಿ ನೋಡಬೇಕಿತ್ತು. ಯಂತ್ರದ ಗದ್ದಲ ಅಡಗಿದ್ದರಿಂದ ಮದುವೆಗೆ ಬಂದವರ ಪಿಸುಮಾತೂ ಕೇಳಿಸುತ್ತಿತ್ತು.

ಇಪ್ಪತ್ತೈದು ಸಲವಾದರೂ ನೋಡಿದ್ದೇನೆ. ಎಲ್ಲರೂ ಅತ್ತಿ ಎಂದು ಕರೆಯುವ ಒಬ್ಬ ಮುದುಕಿಯಿದ್ದಳು. ಹಸಿರು ಸೀರೆ. ತನ್ನ ಅಕ್ಕಿಕಾಳು ಎಲ್ಲರಿಗಿಂತ ಮೊದಲೇ ಎರಚಿ ಮುಗಿಸಿ, ಮುಂದೆ ನಿಂತವರ ಹೆಗಲ ಮೇಲೆ ಬಿದ್ದದ್ದನ್ನು ಹೆಕ್ಕಿ ಮತ್ತೆ ಎರಚುತ್ತಿದ್ದಳು. ಪಂಕ್ತಿಯಲ್ಲಿ ಕ್ಯಾಮೆರಾದ ಕಡೆ ತಿರುಗಿ, “ಉಂಡ್ಯೇನಪ್ಪಾ?” ಎಂದು ಕೇಳುತ್ತಿದ್ದಳು. ಮೂರನೆಯ ದಿನದಿಂದ ನಾನು “ಉಂಡೆ, ಅತ್ತಿ” ಎನ್ನತೊಡಗಿದೆ. ನಗಬೇಡಿ. ಆ ಕೋಣೆಯಲ್ಲಿ ನನಗೆ ಆ ಪ್ರಶ್ನೆ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಎಂಟನೆಯ ದಿನ ಅಂಗಡಿಗೆ ಹೋಗಿ ಹೇಳಿದೆ: ನಮ್ಮ ಬಿಸಿಲಿಗೂ ನಡೆಯುತ್ತದೆ, ಆದರೆ ದೊಡ್ಡ ಪೆಟ್ಟಿಗೆ ಬೇಕು. “ಛಲೋ ಆತು” ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಪರೀಕ್ಷೆ ಮುಗಿಯಿತು. ಆ ಹತ್ತು ನಿಮಿಷ ನೋಡಲು ಇನ್ನು ನೆಪವಿಲ್ಲವೆಂದು ನನಗೆ ನಿಜಕ್ಕೂ ಸಂಕಟವಾಯಿತು.

ಸಿ.ಡಿ. ತಲುಪಿಸುವುದು ಕ್ಯಾಮೆರಾದವನ ಕೆಲಸ. ನಾನೇ ಕೊಟ್ಟು ಬರುತ್ತೇನೆಂದು ಕಮಲಾಪುರದ ಬಸ್ಸು ಹತ್ತಿದೆ. ಆ ಮದುವೆ ಮನೆಯವರನ್ನು ಒಮ್ಮೆ ಎದುರಿಗೆ ನೋಡಿದರೆ ಸಾಕು ಎಂದುಕೊಂಡಿದ್ದೆ. ಸುಳ್ಳು. ಅವರು ನನ್ನನ್ನು ನೋಡಲಿ ಎಂದು ಹೋಗಿದ್ದೆ.

ಆ ಮುದುಕಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬಾಯಿ ತಪ್ಪಿ, “ಅತ್ತಿ, ಆರಾಮಿದ್ದಿ? ಅವತ್ತ ಅಕ್ಕಿಕಾಳು ಸಾಲಲಿಲ್ಲಲ್ಲ ನಿನಗ!” ಎಂದುಬಿಟ್ಟೆ.

ಆಕೆ ನನ್ನ ಮುಖವನ್ನೇ ನೋಡಿದಳು. ಗುರುತು ಸಿಗಲಿಲ್ಲ. ಆದರೂ ಬಂದವನಿಗೆ ಬೇಜಾರಾಗಬಾರದೆಂದು, “ಬಾರಪ್ಪಾ, ಬಾ. ಮದುವಿಗಿ ಬಂದಿದ್ದಿ ಅಲ್ಲ?” ಎಂದಳು.

ಇಲ್ಲ, ನಾನು ಮಿಕ್ಸಿಂಗ್‌ನವನು ಎನ್ನಬೇಕಿತ್ತು. “ಹ್ಞೂಂ” ಎಂದೆ.

ವಧುವಿನ ಅಪ್ಪ ಸಿ.ಡಿ. ತೆಗೆದುಕೊಂಡು ಕೂಡಲೇ ಟಿ.ವಿ.ಗೆ ಹಾಕಿದರು. ಮನೆಮಂದಿಯೆಲ್ಲ ಸೇರಿದರು. ಮುದುಕಿ ನನ್ನನ್ನು ಪಕ್ಕಕ್ಕೇ ಕೂಡಿಸಿಕೊಂಡಳು. ಉಳಿದವರು ತಮ್ಮ ತಮ್ಮ ಮುಖ ಬಂದಾಗ ಕೂಗಿ ನಗುತ್ತಿದ್ದರೆ ಆಕೆ ಮಾತ್ರ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. “ನೀ ಯಾವ ಪಂಕ್ತ್ಯಾಗ ಕುಂತಿದ್ದಿ?” ಎಂದು ಒಮ್ಮೆ ಕೇಳಿದಳು.

ಮುಗಿಯಿತು. ಜನ ಏಳತೊಡಗಿದರು. ಮುದುಕಿ ಏಳಲಿಲ್ಲ.

“ಇನ್ನೊಮ್ಮಿ ಹಾಕೋ ತಮ್ಮಾ” ಎಂದಳು ವಧುವಿನ ಅಪ್ಪನಿಗೆ. “ನನ್ನ ಕಣ್ಣಿಗಿ ಏನಾಗ್ಯದೋ ಏನೋ. ಇವಾ ಮದುವಿಗಿ ಬಂದಿದ್ದ, ನನಗ ಎಲ್ಲೂ ಕಾಣಲೇ ಇಲ್ಲ.”