ಶಾಲೆಗೆ ಹೋದ ಲಂಗ

ಸಿಂಧನೂರಿನಲ್ಲಿ ನನಗೆ ಈಗಲೂ ವರ್ಷಕ್ಕೊಮ್ಮೆ ಶಾಲು ಹೊದಿಸುತ್ತಾರೆ. ಶಿಕ್ಷಕರ ದಿನ ಬಂತೆಂದರೆ, ನಿವೃತ್ತಳಾದ ನಾನಿನ್ನೂ ಜೀವಂತ ಇದ್ದೇನೆಂಬುದು ಊರಿಗೆ ನೆನಪಾಗುತ್ತದೆ. ಈ ಭಾಗದ ಹೆಣ್ಣುಮಕ್ಕಳ ಬಾಳಿನಲ್ಲಿ ಅಕ್ಷರದ ದೀಪ ಹಚ್ಚಿದವರು ಎಂದು ಯಾರೋ ಮೈಕಿನಲ್ಲಿ ಕೂಗುತ್ತಾರೆ. ನಾನು ಹಚ್ಚಿದ್ದು ಕಂದೀಲು. ಅದರ ಎಣ್ಣೆಯೂ ನನ್ನ ಸಂಬಳದ್ದೇ. ಶಾಲುಗಳಂತೂ ಪೆಟ್ಟಿಗೆ ತುಂಬ ಇವೆ. ಇಲ್ಲಿಯ ಬಿಸಿಲಿಗೆ ಅವಕ್ಕಿಂತ ಉಪಯೋಗದ ವಸ್ತು ಇನ್ನೇನಿದ್ದೀತು?

ಆಗ ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಲಿಂಗಸುಗೂರಿನಲ್ಲಿ ನಾಲ್ಕಕ್ಷರ ಕಲಿತಿದ್ದ ನನ್ನನ್ನು ಮಸ್ಕಿ ಕಡೆಯ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹಾಕಿದರು. ಹೋಗಿ ನೋಡಿದರೆ ಬೋರ್ಡು ಬಂದಿತ್ತು, ಕುರ್ಚಿ ಬಂದಿತ್ತು, ನಾನೂ ಬಂದಿದ್ದೆ. ಹೆಣ್ಣುಮಕ್ಕಳು ಮಾತ್ರ ಬಂದಿರಲಿಲ್ಲ. ಸ್ವರಾಜ್ಯ ಬಂದ ಗಡಿಬಿಡಿಯಲ್ಲಿ ಅದೊಂದು ಮರೆತಿರಬೇಕು.

ಮನೆ ಮನೆ ತಿರುಗಿದೆ. ಎಲ್ಲರೂ 'ಬರ್ರಿ ಅಕ್ಕೋರೇ' ಎಂದು ಮಣೆ ಹಾಕಿದರು, ಶೇಂಗಾ ಬೆಲ್ಲ ಕೊಟ್ಟರು, ಹೆಣ್ಣುಮಕ್ಕಳನ್ನು ಒಳಗೆ ಕಳಿಸಿದರು. ಊರ ಗೌಡರಂತೂ ವಿದ್ಯೆಯ ಮಹಿಮೆಯನ್ನು ನನಗಿಂತ ಚೆನ್ನಾಗಿ ವರ್ಣಿಸಿದರು. ಅವರ ಎಂಟೊಂಬತ್ತು ವರ್ಷದ ಮಗಳು ಬಾಗಿಲ ಸಂದಿಯಿಂದ ನನ್ನ ಕೈಯಲ್ಲಿದ್ದ ಪಾಟಿಯನ್ನೇ ನೋಡುತ್ತಿದ್ದಳು. ಇವಳನ್ನಾದರೂ ಕಳಿಸಿ ಎಂದು ಕೇಳಿಕೊಂಡೆ.

"ಕಳಿಸಬಹುದಿತ್ರೀ ಅಕ್ಕೋರೇ. ಆದ್ರ ಆಕಿ ಕಲ್ತು ಯಾರಿಗೆ ಕಾಗದ ಬರೀಬೇಕ್ರೀ?" ಎಂದು ಗೌಡರು ನಕ್ಕರು. ಮಹಿಮೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಲಿಂಗಸುಗೂರಿನಿಂದ ಸುದ್ದಿ ಬಂತು: ವಿದ್ಯಾ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಹುಡುಗಿಯರು ಕಾಣದಿದ್ದರೆ ಶಾಲೆ ಎತ್ತಿ ಪಕ್ಕದ ಊರಿಗೆ ಕೊಡುತ್ತಾರೆ. ನಾನು ಇನ್ನೆಲ್ಲಾದರೂ ಬದುಕಿಕೊಳ್ಳುತ್ತಿದ್ದೆ. ಬಾಗಿಲ ಸಂದಿಯ ಆ ಹುಡುಗಿಗೆ ಮಾತ್ರ ಇನ್ನೊಂದು ಶಾಲೆ ಇರಲಿಲ್ಲ. ಓಡಿ ಹೋಗಿ ಗೌಡರಿಗೆ ಹೇಳಿದೆ. ಪಕ್ಕದ ಊರಿನ ಹೆಸರು ಕೇಳಿದ್ದೇ ತಡ, ಅವರ ಮೀಸೆ ನಿಮಿರಿತು.

"ಇದು ನಮ್ಮೂರ ಮರ್ಯಾದಿ ಪ್ರಶ್ನೆರೀ. ನೀವು ಸುಮ್ಕಿರ್ರಿ, ಎಲ್ಲಾ ನಾ ನೋಡ್ಕೊಂತೀನಿ."

ನೋಡಿಕೊಂಡರು. ತಪಾಸಣೆಯ ದಿನ ಬೆಳಿಗ್ಗೆ ಶಾಲೆ ತುಂಬಿತ್ತು. ಲಂಗ, ಜಂಪರು, ಹಣೆಗೆ ಕುಂಕುಮ, ತಲೆಗೆ ಕುಂಚಿಗೆ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ನೋಡಿದರೆ ಒಂದೂ ಹೆಣ್ಣಲ್ಲ! ಊರಿನ ಗಂಡುಹುಡುಗರಿಗೆಲ್ಲ ಅಕ್ಕತಂಗಿಯರ ಬಟ್ಟೆ ಉಡಿಸಿ, ಬೋಳುತಲೆ ಕಾಣದಂತೆ ಕುಂಚಿಗೆ ಕಟ್ಟಿ ಕಳಿಸಿದ್ದರು. ಮುಂದಿನ ಸಾಲಿನಲ್ಲಿ ಹಸಿರು ಲಂಗದಲ್ಲಿ ಗೌಡರ ಮಗ. ಎಲ್ಲರನ್ನೂ ಓಡಿಸಬೇಕೆನ್ನುವಷ್ಟರಲ್ಲಿ ಸಾಹೇಬರ ಟಾಂಗಾ ಬಂದು ನಿಂತಿತು.

"ದೊಡ್ಡವರಾದ ಮೇಲೆ ಏನು ಮಾಡುತ್ತೀರಮ್ಮಾ?" ಎಂದು ಸಾಹೇಬರು ಪ್ರೀತಿಯಿಂದ ಕೇಳಿದರು.

ಗೌಡರ ಮಗ ಹಸಿರು ಲಂಗವನ್ನು ಎತ್ತಿ ಕಚ್ಚೆ ಹಾಕಿಕೊಂಡು ಎದ್ದು ನಿಂತ. "ಕುಸ್ತಿ ಹಿಡೀತೀನ್ರೀ!" ಎಂದು ತೊಡೆ ತಟ್ಟಿದ. ಲಂಗ ಪರ್ರನೆ ಹರಿಯಿತು.

ಸಾಹೇಬರು ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಗೌಡರನ್ನು ನೋಡಿದರು. ಗೌಡರ ಮನೆಯಿಂದ ಆಗಲೇ ಹೋಳಿಗೆಯ ವಾಸನೆ ಬರುತ್ತಿತ್ತು. "ಈ ಊರಿನ ಹೆಣ್ಣುಮಕ್ಕಳು ಬಹಳ ಧೈರ್ಯವಂತರು," ಎಂದು ಶಭಾಸ್‌ಗಿರಿ ಕೊಟ್ಟು, ಶಾಲೆ ಉಳಿಸಿ, ನಗುತ್ತ ಊಟಕ್ಕೆ ಎದ್ದರು. ಅಂಥ ಸೂಕ್ಷ್ಮದೃಷ್ಟಿಯ ಅಧಿಕಾರಿಯನ್ನು ನಾನು ಮುಂದೆಂದೂ ಕಾಣಲಿಲ್ಲ.

ಗಂಡಸರ ಎಲೆ ಪಡಸಾಲೆಯಲ್ಲಿ. ನನಗೆ ಒಳಗೆ, ಅಡುಗೆಮನೆಯಲ್ಲಿ. ಅಲ್ಲಿ ಮೂಲೆಯಲ್ಲಿ ಗೌಡರ ಮಗಳು ತಾಯಿಯ ಹಳೆಯ ಸೀರೆಯನ್ನು ಕುತ್ತಿಗೆವರೆಗೆ ಸುತ್ತಿಕೊಂಡು ಕುಳಿತಿದ್ದಳು.

"ಯಾಕವ್ವಾ, ಆರಾಮಿಲ್ಲೇನು?"

"ಆರಾಮ ಅದೀನ್ರೀ," ಎಂದಳು. "ನನ್ನ ಲಂಗ ಸಾಲಿಗೆ ಹೋಗೈತ್ರೀ."

ನನಗೆ ಸಿಟ್ಟು ನೆತ್ತಿಗೇರಿತು. ನೌಕರಿ ಹೋದರೆ ಹೋಗಲಿ ಎಂದು ಅವಳ ಕೈ ಹಿಡಿದು, ಸುತ್ತಿದ ಸೀರೆಯಲ್ಲೇ ಪಡಸಾಲೆಗೆ ಕರೆತಂದೆ.

"ಸಾಹೇಬ್ರೇ, ಈ ಊರಾಗ ಒಬ್ಬಾಕಿ ಹೆಣ್ಣುಹುಡುಗಿ ಅದಾಳ. ಆಕಿದೊಂದು ತಪಾಸಣಿ ಉಳದೈತಿ."

ಗೌಡರ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು. ಸಾಹೇಬರು ಹುಡುಗಿಯನ್ನು ನೋಡಿದರು. ಈ ಸಲ ನಗಲಿಲ್ಲ. "ನಾಳೆಯಿಂದ ಇವಳನ್ನು ಕಳಿಸಿ, ಗೌಡರೇ," ಎಂದರು. ಇನ್ನೊಂದು ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು. ಗೌಡರು ನೀರು ಕುಡಿದು ತಲೆಯಾಡಿಸಿದರು.

ಮರುದಿನ ಅವಳೊಬ್ಬಳೇ ಬಂದಳು, ಅದೇ ಹಸಿರು ಲಂಗದಲ್ಲಿ. ಅಣ್ಣ ಹರಿದ ಕಡೆ ತಾಯಿ ಹೊಲಿಗೆ ಹಾಕಿದ್ದಳು. ಎದುರಿಗೆ ಕೂರಿಸಿಕೊಂಡು ಪಾಟಿಯ ಮೇಲೆ 'ಅ' ಬರೆದೆ. ಅವಳು ಅದನ್ನು ನೋಡಿದಳು, ಲಂಗವನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡಳು.

"ನಿನ್ನಿ ಈ ಲಂಗಕ್ಕ ಎಲ್ಲಿತನ ಕಲಿಸೀರ್ರೀ ಅಕ್ಕೋರೇ?" ಎಂದು ಕೇಳಿದಳು. "ಅದನ್ನ ಮೊದ್ಲು ನನಗ ಹೇಳ್ರಿ."