ಎರಡು ರಾಶಿಯ ಅಮ್ಮ

ಟೀವಿಯಲ್ಲಿ ದಿನಭವಿಷ್ಯ ಹೇಳುವವರಿಗೆ ನಾನೂ ಒಮ್ಮೆ ಕೈ ಮುಗಿದಿದ್ದೇನೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಸಮೂಹ ಮಾಧ್ಯಮ ಜನರ ನಂಬಿಕೆಗಳನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದವಳು, ಇದನ್ನು ಒಪ್ಪಿಕೊಳ್ಳಬಾರದು. ಆದರೆ ಆವತ್ತು ಗೆದ್ದಿದ್ದೆ. ಗೆದ್ದ ಮೇಲೆ ನಾಚಿಕೆ ಎಲ್ಲಿಯದು?

ನಮ್ಮ ಮನೆ ಹೊಸಹಳ್ಳಿಯಲ್ಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿಸಿದ್ದು ಅಮ್ಮ ಹೊಸೆದ ಊದುಬತ್ತಿ. ಹೊಸೆಯುವಾಗ ಎದುರಿಗೆ ಟೀವಿ ಓಡುತ್ತಿರಬೇಕು. ತಾತನಿಗೆ ಅಚ್ಚಾದದ್ದೆಲ್ಲ ನಿಜ, ಅಮ್ಮನಿಗೆ ಟೀವಿಯಲ್ಲಿ ಬಂದದ್ದೆಲ್ಲ ನಿಜ. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲವಾದ್ದರಿಂದ ಅಮ್ಮ ಹೆಸರಿನ ಮೊದಲಕ್ಷರ ಹಿಡಿದೇ ರಾಶಿ ಗೊತ್ತುಮಾಡಿಕೊಂಡಿದ್ದಳು. ಪುಟ್ಟಮ್ಮ, ಆದ್ದರಿಂದ ಕನ್ಯಾ.

ನನ್ನ ಘಟಿಕೋತ್ಸವದ ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು ಹೂ ಮುಡಿದು ಕೂತಿದ್ದಾಗ ಟೀವಿಯ ಗುರೂಜಿ ಹೇಳಿಯೇಬಿಟ್ಟರು: ಕನ್ಯಾ ರಾಶಿಯವರು ಇಂದು ಹೊಸಿಲು ದಾಟಬೇಡಿ, ಮಕ್ಕಳಿಗೆ ಕಂಟಕ.

"ನಾನು ಬರಲ್ಲ ಕಣೇ. ನಿನಗೇನಾದ್ರೂ ಆದ್ರೆ?"

ಅಮ್ಮನಿಲ್ಲದೆ ಆ ಡಿಗ್ರಿ ತೆಗೆದುಕೊಂಡು ಏನು ಮಾಡಲಿ? ಓದಿದ್ದನ್ನೆಲ್ಲ ಹೇಳಿ ನೋಡಿದೆ. ಹೆದರಿದ ಜನ ಟೀವಿ ಬಿಟ್ಟು ಏಳುವುದಿಲ್ಲ, ಜಾಹೀರಾತಿನವರಿಗೆ ಅದೇ ಬೇಕು, ಅಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ನಿನ್ ಫೋನಲ್ಲಿ ಯಾವನೋ ಅನ್ನ ತಿನ್ಬೇಡಿ ಅಂದಿದ್ದಕ್ಕೆ ತಿಂಗಳಿಂದ ಅನ್ನ ಮುಟ್ಟಿಲ್ಲ ನೀನು. ಅವನೇನು ನಿನ್ ಸೋದರಮಾವನಾ?"

ಪೆಚ್ಚಾಗಿ ಕೈಯಲ್ಲಿದ್ದ ಪ್ರವೇಶದ ಪಾಸು ನೋಡಿದೆ. ಅದರಲ್ಲಿ ಅಮ್ಮನಿಗೆ ಮದುವೆಯಲ್ಲಿ ಅತ್ತೆ ಮನೆಯವರು ಇಟ್ಟ ಹೆಸರಿತ್ತು: ಲಕ್ಷ್ಮಮ್ಮ.

"ಅಮ್ಮ, ಬೇಡ ಅಂದಿದ್ದು ಪುಟ್ಟಮ್ಮಂಗೆ ತಾನೇ? ಅವಳು ಮನೇಲಿರ್ಲಿ. ಕರೆದಿರೋದು ಲಕ್ಷ್ಮಮ್ಮನ್ನ. ಅವಳ್ದು ಮೇಷ ರಾಶಿ."

ಅಮ್ಮ ಯೋಚಿಸಿದಳು. "ಮೇಷಕ್ಕೇನಂದ್ರೋ, ಆಗ ಸೀರೆ ಉಡ್ತಿದ್ದೆ" ಎನ್ನುತ್ತಾ ಬೇರೆ ಚಾನೆಲ್ ಹಾಕಿದಳು. ಅಲ್ಲಿ ಇನ್ನೊಬ್ಬ ಗುರೂಜಿ ಆಗತಾನೇ ಬಾಯಿ ತೆರೆಯುತ್ತಿದ್ದರು. ನಾನು ಕೈ ಮುಗಿದದ್ದು ಆಗಲೇ. ಮೇಷ: ಮಕ್ಕಳಿಂದ ಕೀರ್ತಿ. ನಾನು ಚಪ್ಪಲಿ ಮೆಟ್ಟಿದೆ, ಅಮ್ಮ ಏಳಲಿಲ್ಲ.

"ಇರು, ಪುಟ್ಟಮ್ಮಂದೂ ಕೇಳ್ಬಿಡ್ತೀನಿ, ಪಾಪ."

ಕನ್ಯಾ: ಪ್ರಯಾಣ ಶುಭ.

ಅಮ್ಮ ಟೀವಿಯನ್ನು ದಿಟ್ಟಿಸಿದಳು. "ಹಂಗಾದ್ರೆ ಅವನ್ಯಾಕೆ ನನ್ನ ಹೆದರಿಸಿದ?" ಉತ್ತರಕ್ಕೆ ಕಾಯದೆ ಟೀವಿ ಆರಿಸಿ ಎದ್ದಳು. ನಾನು ಪುಟಗಟ್ಟಲೆ ಬರೆದದ್ದೂ ಇಷ್ಟೇ.

ಉಲ್ಲಾಳದ ಹತ್ತಿರದ ಘಟಿಕೋತ್ಸವದ ಸಭಾಂಗಣದಲ್ಲಿ ನನ್ನ ಹೆಸರು ಕೂಗಿದಾಗ ಅಮ್ಮ ಒಬ್ಬಳೇ ಎದ್ದು ನಿಂತು ಚಪ್ಪಾಳೆ ಹೊಡೆದಳು. ಇಬ್ಬರು ಹೊಡೆದಷ್ಟು ಜೋರಾಗಿತ್ತು.

ಮನೆಗೆ ಬಂದ ಮೇಲೆ ತಟ್ಟೆಗೆ ಬಿಸಿ ಅನ್ನ ಹಾಕಿ ಸಾರು ಸುರಿದಳು. ನಾನು ಅನುಮಾನಿಸಿದೆ.

"ನಿನ್ ಫೋನಲ್ಲೂ ಇನ್ನೊಬ್ಬ ಇರ್ತಾನೆ ಕಣೇ, ಅನ್ನ ತಿನ್ನಿ ಅನ್ನೋನು. ಹುಡುಕ್ಬೇಡ, ಉಣ್ಣು."

ಉಂಡೆ.